ಓದುಗರ ಪ್ರಶ್ನೆ: ಸೂರ್ಯಕಾಂತಿಯ ಹುಳುವಿಗೆ ಯಾವ ಔಷಧ ಸರಿಯೆಂದು ಹೊಲದಲ್ಲೇ ನೋಡುವುದು ಹೇಗೆ?

ಪ್ರಶ್ನೆ: ನಮ್ಮದು ಕೊಪ್ಪಳ ಜಿಲ್ಲೆಯ ಎರೆ ಹೊಲ. ಮೂರು ಎಕರೆಯಲ್ಲಿ ಸೂರ್ಯಕಾಂತಿ ಬಿತ್ತಿದ್ದೇವೆ. ಹೋದ ವರ್ಷ ತೆನೆಯಲ್ಲಿ ಹಸಿರು ಕೀಡೆ ಕಂಡು, ಅಂಗಡಿಯವರು ಕೊಟ್ಟ ಎಣ್ಣೆಯನ್ನು ಎರಡು ಸಲ ಹೊಡೆದೆವು. ಹುಳು ಕಡಿಮೆಯಾದವು, ಆದರೆ ರಾಶಿ ಮಾಡುವಾಗ ಕಾಳು ಬಹಳಷ್ಟು ಜೊಳ್ಳಾಗಿತ್ತು. ಈ ಸಲ ಅರ್ಧ ಹೊಲಕ್ಕೆ ಅದೇ ಔಷಧವನ್ನು, ಉಳಿದ ಅರ್ಧಕ್ಕೆ ಹುಳುವಿಗೆ ರೋಗ ತಂದು ಕೊಲ್ಲುವ ಎನ್‌ಪಿವಿ ಎಂಬ ನಂಜಾಣುವಿನ (ವೈರಸ್) ದ್ರಾವಣವನ್ನು ಹೊಡೆದು ಯಾವುದು ಮೇಲೆಂದು ನೋಡಬೇಕೆಂದಿದ್ದೇನೆ. ಇಷ್ಟು ಸಾಕೇ?

ಉತ್ತರ: ತಾವೇ ಪರೀಕ್ಷೆ ಮಾಡಿ ನೋಡಲು ಹೊರಟಿರುವುದು ಬಹಳ ಸಂತೋಷದ ಸಂಗತಿ. ಆದರೆ ಹೊಲವನ್ನು ಎರಡು ಹೋಳು ಮಾಡಿದರೆ ಸಾಲದು. ಯಾವ ಔಷಧವನ್ನೂ ಹೊಡೆಯದ ಮೂರನೆಯ ಭಾಗವೊಂದು ಇರಲೇಬೇಕು. ಕಣ್ಣೆದುರಿನ ಬೆಳೆಯನ್ನು ಹುಳುವಿಗೆ ಬಿಡುವುದಕ್ಕೆ ಯಾವ ರೈತರಿಗೂ ಮನಸ್ಸು ಬರುವುದಿಲ್ಲ, ಆದ್ದರಿಂದ ಇದು ಏಕೆ ಬೇಕೆಂಬುದನ್ನು ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಹೊಡೆಯುವ ಹಿಂದಿನ ದಿನ ಗುರುತು ಮಾಡಿದ ಗಿಡಗಳಲ್ಲಿ 40 ಹುಳುಗಳಿದ್ದು, ಏಳು ದಿನಗಳ ನಂತರ 12 ಉಳಿದಿವೆ ಎಂದುಕೊಳ್ಳಿ. ನೂರಕ್ಕೆ 70ರಷ್ಟು ಹುಳು ಸತ್ತವೆಂದು ನಾವು ಔಷಧವನ್ನು ಹೊಗಳುತ್ತೇವೆ. ಅದೇ ವಾರದಲ್ಲಿ, ಏನನ್ನೂ ಹೊಡೆಯದ ಭಾಗದಲ್ಲಿ 50 ಇದ್ದ ಹುಳು 25ಕ್ಕೆ ಇಳಿದಿದ್ದರೆ ಏನು ಹೇಳುವುದು? ಬಲಿತ ಹುಳು ಕೋಶವಾಗಲು ಮಣ್ಣಿಗಿಳಿಯುತ್ತದೆ, ಕೆಲವನ್ನು ಹಕ್ಕಿಗಳು ಹೆಕ್ಕುತ್ತವೆ, ಕೆಲವು ರೋಗದಿಂದ ಸಾಯುತ್ತವೆ. ಹೀಗೆ ಅವು ತಾವಾಗಿಯೇ ಅರ್ಧಕ್ಕೆ ಇಳಿದಿವೆ. ಅಂದರೆ ಔಷಧ ಹೊಡೆಯದಿದ್ದರೂ ಆ 40 ಹುಳುಗಳಲ್ಲಿ 20 ಮಾತ್ರ ಉಳಿಯುತ್ತಿದ್ದವು. ಆ 20 ಈಗ 12 ಆಗಿವೆ, ಆದ್ದರಿಂದ ಔಷಧದ ನಿಜವಾದ ಫಲ ನೂರಕ್ಕೆ 40 ಮಾತ್ರ. ಹೆಂಡರ್ಸನ್ ಮತ್ತು ಟಿಲ್ಟನ್ ಎಂಬ ಇಬ್ಬರು 1955ರಲ್ಲಿ ಕೊಟ್ಟ, ಕೀಟಶಾಸ್ತ್ರದವರು ಇಂದಿಗೂ ಬಳಸುವ ಸೂತ್ರವೂ ಇದೇ ಲೆಕ್ಕವನ್ನು ಮಾಡುತ್ತದೆ. ಹೊಡೆಯದ ತಾಕು ಇಲ್ಲದಿದ್ದರೆ 70 ನಿಜವೋ 40 ನಿಜವೋ ಎಂದು ತಿಳಿಯುವ ದಾರಿಯೇ ಇರುವುದಿಲ್ಲ.

ಇದಕ್ಕಾಗಿ ಮೂರು ಎಕರೆಯೂ ಬೇಕಿಲ್ಲ, ಹನ್ನೆರಡು ಗುಂಟೆ ಸಾಕು. ಒಂದು ಗುಂಟೆಗೆ ಒಂದು ತಾಕಿನಂತೆ ಮೂರು ಮೂರು ತಾಕುಗಳ ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿನಲ್ಲಿಯೂ ಒಂದು ತಾಕಿಗೆ ರಾಸಾಯನಿಕ, ಒಂದಕ್ಕೆ ಎನ್‌ಪಿವಿ, ಒಂದಕ್ಕೆ ಬರೀ ನೀರು ಬರುವಂತೆ ಚೀಟಿ ಎತ್ತಿ ಗೊತ್ತುಮಾಡಿ. ನಾಲ್ಕು ಗುಂಪು ಏಕೆಂದರೆ ಹೊಲ ಒಂದೇ ಸಮನಾಗಿರುವುದಿಲ್ಲ. ಪಕ್ಕದಲ್ಲಿ ತೊಗರಿಯೋ ಕಡಲೆಯೋ ಇದ್ದರೆ ಆ ಬದುವಿನ ಕಡೆಗೆ ಹುಳು ಹೆಚ್ಚು ಕಾಣಬಹುದು, ಏಕೆಂದರೆ ಅವುಗಳ ಕಾಯಿಕೊರಕವೂ ಸೂರ್ಯಕಾಂತಿಯ ತೆನೆ ಕೊರಕವೂ ಒಂದೇ ಹೆಲಿಕೋವರ್ಪ ಕೀಟ. ಹೊಲವನ್ನು ಎರಡೇ ಹೋಳು ಮಾಡಿದಾಗ ತೊಗರಿಯ ಕಡೆಗೆ ಬಂದ ಔಷಧಕ್ಕೆ ಸುಮ್ಮನೆ ಕೆಟ್ಟ ಹೆಸರು ಬರುತ್ತದೆ. ಚೀಟಿ ಎತ್ತುವುದು ಮಕ್ಕಳಾಟದಂತೆ ಕಂಡರೂ ಅದನ್ನು ಬಿಡಬೇಡಿ. ನಮ್ಮ ಮೆಚ್ಚಿನ ಔಷಧಕ್ಕೆ ಒಳ್ಳೆಯ ಜಾಗ ಕೊಡುವ ಆಸೆ ನಮಗೆ ತಿಳಿಯದಂತೆಯೇ ಕೈಯನ್ನು ಎಳೆಯುತ್ತದೆ.

ಪ್ರತಿ ತಾಕಿನಲ್ಲಿ ಅಂಚಿನ ಎರಡು ಸಾಲುಗಳನ್ನು ಬಿಟ್ಟು, ಒಳಗಿನ ಹತ್ತು ಗಿಡಗಳ ಕಾಂಡಕ್ಕೆ ಬಣ್ಣದ ದಾರ ಕಟ್ಟಿ. ಅಂಚಿನ ಸಾಲುಗಳಿಗೆ ಪಕ್ಕದ ತಾಕಿನ ಔಷಧ ಗಾಳಿಯಲ್ಲಿ ಬಂದು ಬೀಳುತ್ತದೆ. ಹೊಡೆಯುವ ಹಿಂದಿನ ದಿನ, ಹೊಡೆದ ಮೂರನೆಯ ದಿನ ಮತ್ತು ಏಳನೆಯ ದಿನ ಬೆಳಿಗ್ಗೆ ಅವೇ ಗಿಡಗಳನ್ನು ನೋಡಬೇಕು. ತೆನೆಯನ್ನು ಅಲುಗಾಡಿಸದೆ ಒಂದು ಕೈಯಲ್ಲಿ ಹಿಡಿದು, ಮೊದಲು ಹಿಂಬದಿಯ ಹಸಿರು ಪಕಳೆಗಳ ಸಂದಿಯನ್ನು, ಆಮೇಲೆ ಮುಂಬದಿಯ ಹೂಗಳ ನಡುವನ್ನು ನೋಡಿ. ಹುಳು ಕಾಣದಿದ್ದರೂ ಹಸಿಯಾದ ಹಿಕ್ಕೆಯ ಹರಳುಗಳು ಕಂಡರೆ ಅಲ್ಲೇ ಸ್ವಲ್ಪ ಬಿಡಿಸಿ ಹುಡುಕಿ. ಒಂದು ಸೆಂಟಿಮೀಟರಿಗಿಂತ ಚಿಕ್ಕ ಹುಳುಗಳನ್ನೂ ದೊಡ್ಡವನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳುವುದು ಅವಶ್ಯಕ. ಎನ್‌ಪಿವಿ ಚಿಕ್ಕ ಹುಳುಗಳಿಗೆ ಚೆನ್ನಾಗಿ ತಾಗುತ್ತದೆ, ಬಲಿತವಕ್ಕೆ ಅಷ್ಟಾಗಿ ತಾಗುವುದಿಲ್ಲ. ಅಲ್ಲದೆ ನಂಜಾಣು ಹುಳುವಿನ ಹೊಟ್ಟೆ ಸೇರಿ ಬೆಳೆದು ಅದನ್ನು ಕೊಲ್ಲಲು ನಾಲ್ಕರಿಂದ ಏಳು ದಿನ ಹಿಡಿಯುತ್ತದೆ. ಮೂರನೆಯ ದಿನವೇ ತೀರ್ಪು ಕೊಟ್ಟರೆ ಅದಕ್ಕೆ ಅನ್ಯಾಯವಾಗುತ್ತದೆ. ಏಳನೆಯ ದಿನ ಹುಳು ತಲೆಕೆಳಗಾಗಿ ಜೋತುಬಿದ್ದು ಮೈ ಕೊಳೆತಿದ್ದರೆ ಅದು ನಂಜಾಣುವಿನ ಕೆಲಸವೆಂದು ತಿಳಿಯಿರಿ. ಎಕರೆಗೆ 100 ಎಲ್‌ಇ (ರೋಗ ತಗಲಿದ ನೂರು ಹುಳುಗಳಿಂದ ಸಿಗುವಷ್ಟು ನಂಜಾಣು) ಲೆಕ್ಕದಲ್ಲಿ ಸ್ವಲ್ಪ ಬೆಲ್ಲ ಬೆರೆಸಿ, ಹೊತ್ತು ಇಳಿದ ಮೇಲೆ ಹೊಡೆಯಬೇಕು. ಬಿಸಿಲಿಗೆ ನಂಜಾಣು ನಿಲ್ಲುವುದಿಲ್ಲ.

ರಾಸಾಯನಿಕದ ವಿಷಯದಲ್ಲಿ ಒಂದು ಮಾತು. ಅಂಗಡಿಯವರ ಬಾಯಿಮಾತನ್ನು ನಂಬದೆ, ಡಬ್ಬಿಯ ಚೀಟಿಯಲ್ಲಿ ಸೂರ್ಯಕಾಂತಿಯ ಹೆಸರೂ ಈ ಹುಳುವಿನ ಹೆಸರೂ ಇವೆಯೇ ಎಂದು ನೋಡಿ, ಅಲ್ಲಿರುವ ಪ್ರಮಾಣವನ್ನೇ ಬಳಸಿ. ಮೊದಲು ಪಂಪಿನಲ್ಲಿ ಬರೀ ನೀರು ತುಂಬಿ ಒಂದು ಗುಂಟೆಗೆ ಎಷ್ಟು ಹೋಗುತ್ತದೆಂದು ಅಳೆಯಿರಿ. ಗುಂಟೆಗೆ 5 ಲೀಟರ್ ಹೋದರೆ ಎಕರೆಗೆ 200 ಲೀಟರ್ ಆಯಿತು. ಎಕರೆಯ ಔಷಧವನ್ನು 40ರಿಂದ ಭಾಗಿಸಿ ಆ 5 ಲೀಟರಿಗೆ ಬೆರೆಸಬೇಕು. ಒಂದು ಔಷಧದಿಂದ ಇನ್ನೊಂದಕ್ಕೆ ಹೋಗುವಾಗ ಪಂಪನ್ನು ಚೆನ್ನಾಗಿ ತೊಳೆಯದಿದ್ದರೆ ಇಡೀ ಪರೀಕ್ಷೆಯೇ ಹಾಳಾಗುತ್ತದೆ.

ಇನ್ನು ಜೊಳ್ಳಿನ ವಿಚಾರ. ತಮ್ಮ ಪತ್ರದಲ್ಲಿ ನನ್ನ ಮನಸ್ಸಿಗೆ ಹೆಚ್ಚು ತಾಗಿದ್ದು ಇದೇ. ಕೊಯ್ಲಿನಲ್ಲಿ ದಾರ ಕಟ್ಟಿದ ಒಂದೊಂದು ತೆನೆಯಿಂದ ನೂರು ಕಾಳು ತೆಗೆದು ಒಂದೊಂದಾಗಿ ಬೆರಳುಗಳ ನಡುವೆ ಒತ್ತಿ ನೋಡಿ. ಹುಳು ತಿಂದ ಕಾಳಿನ ಸಿಪ್ಪೆ ಒಡೆದಿರುತ್ತದೆ, ಅಂಚು ಕಚ್ಚಿದಂತಿರುತ್ತದೆ. ಸಿಪ್ಪೆ ಪೂರ್ತಿಯಾಗಿದ್ದು ಒತ್ತಿದೊಡನೆ ಚಪ್ಪಟೆಯಾಗುವ ಕಾಳನ್ನು ಹುಳು ಮುಟ್ಟಿಲ್ಲ. ಅದರಲ್ಲಿ ಕಾಳು ಕಟ್ಟಿಯೇ ಇಲ್ಲ. ಪರಾಗಸ್ಪರ್ಶ ಸಾಲದಿದ್ದಾಗ ಅಥವಾ ಮಣ್ಣಿನಲ್ಲಿ ಬೋರಾನ್ ಕಡಿಮೆಯಾದಾಗ ಹೀಗಾಗುತ್ತದೆ. ಹೂವರಳಿದ ಹೊತ್ತಿನಲ್ಲಿ ಹೊಡೆದ ಔಷಧ ಜೇನುಗಳನ್ನು ಕೊಂದಿದ್ದರೆ, ಹುಳುವಿನಿಂದ ಉಳಿಸಿದ ಕಾಳನ್ನು ನಾವೇ ಜೊಳ್ಳು ಮಾಡಿದಂತಾಯಿತು. ಹೋದ ವರ್ಷ ತಮ್ಮ ಹೊಲದಲ್ಲಿ ಇದೇ ನಡೆಯಿತೆಂದು ನಾನು ಹೇಳಲಾರೆ, ಆದರೆ ಮೂರೂ ಬಗೆಯ ತಾಕುಗಳ ಜೊಳ್ಳನ್ನು ಹೋಲಿಸಿದಾಗ ಈ ವರ್ಷ ಅದಕ್ಕೆ ಉತ್ತರ ಸಿಗಬಹುದು. ಗಿಳಿ ಕುಕ್ಕಿದ ತೆನೆಗಳನ್ನು ಮಾತ್ರ ಲೆಕ್ಕದಿಂದ ಬಿಡಿ.

ಒಂದು ಔಷಧ ನಾಲ್ಕೂ ಗುಂಪುಗಳಲ್ಲಿ ಮೇಲಾಗಿ ಕಂಡರೆ ಅದಕ್ಕೆ ಬೆಲೆ ಕೊಡಿ. ಎರಡರಲ್ಲಿ ಇದು, ಎರಡರಲ್ಲಿ ಅದು ಎಂದಾದರೆ ಅವುಗಳಲ್ಲಿ ಹೆಚ್ಚು ಕಡಿಮೆ ಎಂದು ಹೇಳಬಾರದು. ಬರೆದಿಟ್ಟ ಅಂಕಿಗಳನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದರೆ ಅಲ್ಲಿಯ ತಜ್ಞರು ಸಂಖ್ಯಾಶಾಸ್ತ್ರದ ಪ್ರಕಾರ ನೋಡಿ ಹೇಳಬಲ್ಲರು.

ಪ್ರಶ್ನೆ: ನಾನು ಕೃಷಿ ಪದವಿಯ ವಿದ್ಯಾರ್ಥಿನಿ. ಅಮೆರಿಕದ ಸೂರ್ಯಕಾಂತಿ ಪ್ರಯೋಗಗಳಲ್ಲಿ ಬೀಜದ ಮೂತಿಹುಳುವಿಗೆ ಸಿಂಪರಣೆ ಮಾಡುತ್ತಾರೆಂದು ಓದಿದೆ. ಅದು ನಮ್ಮಲ್ಲಿಯೂ ಇದೆಯೇ?

ಉತ್ತರ: ಇಲ್ಲ. ಸೂರ್ಯಕಾಂತಿಯ ತವರು ಉತ್ತರ ಅಮೆರಿಕ, ಆ ಕೆಂಪು ಮೂತಿಹುಳುವಿನ ತವರೂ ಅದೇ. ಎಣ್ಣೆಗಾಗಿ ಈ ಬೆಳೆ 1969ರಲ್ಲಿ ರಷ್ಯಾದ ತಳಿಗಳ ಮೂಲಕ ನಮ್ಮಲ್ಲಿಗೆ ಬಂದಾಗ ಆ ಹುಳು ಜೊತೆಗೆ ಬರಲಿಲ್ಲ. ಇಲ್ಲಿ ತೊಗರಿ, ಕಡಲೆಗಳಲ್ಲಿದ್ದ ಹುಳುವೇ ಅದಕ್ಕೆ ಹತ್ತಿತು. ಮೂತಿಹುಳು ಎಳೆಯ ಬೀಜದೊಳಗೆ ಮೊಟ್ಟೆಯಿಡುತ್ತದೆ, ಮರಿ ಅಲ್ಲಿಯೇ ಬೆಳೆಯುತ್ತದೆ. ಒಳಗಿನ ಮರಿಗೆ ಮೇಲೆ ಹೊಡೆದ ಔಷಧ ತಾಗದ ಕಾರಣ, ಹೂವು ಅರಳುವ ಮೊದಲ ದಿನಗಳಲ್ಲಿ, ಮೊಟ್ಟೆಯಿಡುವ ಮುನ್ನ, ದೊಡ್ಡ ಹುಳುಗಳನ್ನೇ ಕೊಲ್ಲಬೇಕಾಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ದಕ್ಷಿಣ ಡಕೋಟದಲ್ಲಿ ಆ ಹುಳುಗಳು ಪೈರೆಥ್ರಾಯ್ಡ್ ಎಂಬ ರಾಸಾಯನಿಕ ಗುಂಪಿನ ಔಷಧಗಳಿಗೆ ಜಗ್ಗದಂತಾಗಿವೆ. ನಮಗೆ ಇದು ಹೊಸ ಸುದ್ದಿಯಲ್ಲ. 1987ರಲ್ಲಿ ಆಂಧ್ರದ ಹತ್ತಿ ಹೊಲಗಳಲ್ಲಿ ಹೆಲಿಕೋವರ್ಪ ಅದೇ ಗುಂಪಿನ ಔಷಧಗಳನ್ನು ತಡೆದುಕೊಂಡು ಬೆಳೆ ನಾಶ ಮಾಡಿತು. ತಾವು ಮುಂದೆ ಪ್ರಯೋಗ ಮಾಡುವಾಗ ಒಂದೇ ಗುಂಪಿನ ನಾಲ್ಕು ಔಷಧಗಳನ್ನು ಹೋಲಿಸುವ ಬದಲು, ಬೇರೆ ಬೇರೆ ರೀತಿಯಲ್ಲಿ ಕೆಲಸ ಮಾಡುವವನ್ನು ಆರಿಸಿಕೊಳ್ಳಿ.

ಪ್ರಶ್ನೆ: ಹೂವಿದ್ದಾಗ ಹೊಡೆಯಲೇಬೇಕಾದರೆ ಜೇನುಗಳನ್ನು ಉಳಿಸುವುದು ಹೇಗೆ?

ಉತ್ತರ: ಮೊದಲು ಹೊಡೆಯಲೇಬೇಕೇ ಎಂದು ನೋಡಿ. ತೆನೆಗೆ ಸರಾಸರಿ ಒಂದು ಹುಳು ಕಾಣುವವರೆಗೆ ಕಾಯಬಹುದು. ಆಮೇಲೂ ಎನ್‌ಪಿವಿಗೆ ಮೊದಲ ಅವಕಾಶ ಕೊಡಿ, ಅದು ಜೇನನ್ನು ಮುಟ್ಟುವುದಿಲ್ಲ. ರಾಸಾಯನಿಕವೇ ಅನಿವಾರ್ಯವಾದರೆ, ಹೆಜ್ಜೇನು ಮತ್ತು ಕೋಲುಜೇನುಗಳು ಗೂಡಿಗೆ ಮರಳಿದ ಮೇಲೆ, ಸಂಜೆ ಮಾತ್ರ ಹೊಡೆಯಿರಿ. ಹತ್ತಿರದಲ್ಲಿ ಜೇನುಪೆಟ್ಟಿಗೆ ಇಟ್ಟವರಿದ್ದರೆ ಹಿಂದಿನ ದಿನವೇ ಅವರಿಗೆ ತಿಳಿಸಿ.