ಕ್ರಿಯಾಟಿನಿನ್ ಸರಿಯಾಗಿದೆ, ಮೂತ್ರ ಪರೀಕ್ಷೆ ಏಕೆ?

ಪ್ರಶ್ನೆ: ನನ್ನ ತಾಯಿಗೆ 62 ವರ್ಷ. ಸಕ್ಕರೆ ಕಾಯಿಲೆ ಬಂದು 11 ವರ್ಷವಾಯಿತು, ಬಿಪಿಯೂ ಇದೆ. ಕಳೆದ ತಿಂಗಳು ಕ್ರಿಯಾಟಿನಿನ್ 1.1 ಬಂದಿತ್ತು; 1.2ರವರೆಗೆ ಸಹಜ ಎಂದು ವರದಿಯಲ್ಲೇ ಇದೆ. ಆದರೂ ವೈದ್ಯರು ಮೂತ್ರದ ಇನ್ನೊಂದು ಪರೀಕ್ಷೆ ಬರೆದುಕೊಟ್ಟಿದ್ದಾರೆ. ‘ಕಾಲು ಊದಿಲ್ಲ, ಮೂತ್ರ ಸಲೀಸಾಗಿ ಹೋಗುತ್ತಿದೆ, ದುಡ್ಡು ದಂಡ’ ಎಂದು ಅಮ್ಮ ಒಪ್ಪುತ್ತಿಲ್ಲ. ಮಂಡಿ ನೋವಿಗೆ ಅಂಗಡಿಯಿಂದ ಮಾತ್ರೆ ತರಿಸಿ ನುಂಗುವುದೂ ಉಂಟು. ಪರೀಕ್ಷೆ ನಿಜವಾಗಿಯೂ ಬೇಕೇ?
– ಓದುಗರು, ತಿಪಟೂರು

ಉತ್ತರ: ಬೇಕು. ಈ ವಾರವೇ ಮಾಡಿಸಿ.

ಮೊದಲು ಆ 1.1ರ ವಿಷಯ. ಕ್ರಿಯಾಟಿನಿನ್ ಎಂಬ ತ್ಯಾಜ್ಯ ಹುಟ್ಟುವುದು ಸ್ನಾಯುಗಳಲ್ಲಿ, ಅದನ್ನು ಶೋಧಿಸಿ ಹೊರಹಾಕುವುದು ಕಿಡ್ನಿ. ಸ್ನಾಯು ಕಡಿಮೆ ಇರುವವರಲ್ಲಿ ಅದು ಹುಟ್ಟುವುದೇ ಕಡಿಮೆ. 25 ವರ್ಷದ ಗಟ್ಟಿಮುಟ್ಟಾದ ಯುವಕನ ರಕ್ತದಲ್ಲಿ 1.1 ಇದ್ದರೆ ಅವನ ಕಿಡ್ನಿ ಶೋಧಿಸುವ ಪ್ರಮಾಣ, ಅಂದರೆ ಇಜಿಎಫ್‌ಆರ್, ನಿಮಿಷಕ್ಕೆ ಸುಮಾರು 95 ಮಿಲಿಲೀಟರ್. ಅದೇ 1.1 ನಿಮ್ಮ ತಾಯಿಯ ವಯಸ್ಸಿನ ಹೆಂಗಸಿನಲ್ಲಿ ಸುಮಾರು 57. ಮೂರು ತಿಂಗಳು ಕಳೆದರೂ 60ಕ್ಕಿಂತ ಕೆಳಗೇ ಉಳಿದರೆ ಅದನ್ನು ಕಿಡ್ನಿ ಕಾಯಿಲೆ ಎಂದೇ ಪರಿಗಣಿಸುತ್ತೇವೆ. ವರದಿಯ ಕೊನೆಯ ಸಾಲುಗಳಲ್ಲಿ ಇಜಿಎಫ್‌ಆರ್ ಅಚ್ಚಾಗಿದೆಯೇ ನೋಡಿ; ಇಲ್ಲದಿದ್ದರೆ ವೈದ್ಯರಿಂದ ಲೆಕ್ಕ ಹಾಕಿಸಿ.

ವೃತ್ತಿಯ ಆರಂಭದಲ್ಲಿ ನನ್ನ ಬಳಿ ಒಬ್ಬ ದರ್ಜಿ ಬರುತ್ತಿದ್ದರು. ಪ್ರತಿ ತಿಂಗಳೂ ಶುಗರ್ ನೋಡಿ ಮಾತ್ರೆ ಬರೆದು ಕಳುಹಿಸುತ್ತಿದ್ದೆ. ಅವರ ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನು ಇದೆಯೇ ಎಂದು ಒಮ್ಮೆಯೂ ನೋಡಲಿಲ್ಲ. ಒಂದು ದಿನ ಅವರು ಬಹಳ ಸಂತೋಷದಿಂದ, ‘ಡಾಕ್ಟ್ರೇ, ಈಗ ಅರ್ಧ ಮಾತ್ರೆಗೇ ಶುಗರ್ ಇಳಿಯುತ್ತಿದೆ’ ಎಂದರು. ನಾನೂ ಸಂತೋಷಪಟ್ಟೆ. ಇನ್ಸುಲಿನ್ನನ್ನೂ ಆ ಮಾತ್ರೆಯನ್ನೂ ದೇಹದಿಂದ ಹೊರಹಾಕಲಾಗದಷ್ಟು ಅವರ ಕಿಡ್ನಿ ಸೋತಿತ್ತು, ಶುಗರ್ ಇಳಿಯುತ್ತಿದ್ದುದು ಅದಕ್ಕೆ. ಮುಂದಿನ ವರ್ಷ ಡಯಾಲಿಸಿಸ್ ಶುರುವಾಯಿತು. ಕತ್ತರಿ ಹಿಡಿದು ಹಿಡಿದು ದಡ್ಡುಗಟ್ಟಿದ್ದ ಅವರ ಹೆಬ್ಬೆರಳು ನನಗೆ ಇಂದಿಗೂ ನೆನಪಿದೆ. ಅವರಿಗೂ ಕೊನೆಯ ಹಂತದವರೆಗೆ ಕಾಲು ಊದಿರಲಿಲ್ಲ, ಮೂತ್ರಕ್ಕೆ ತಡೆಯಿರಲಿಲ್ಲ.

ವೈದ್ಯರು ಬರೆದಿರುವುದು ಬಹುಶಃ ಮೂತ್ರದ ಅಲ್ಬುಮಿನ್–ಕ್ರಿಯಾಟಿನಿನ್ ಅನುಪಾತ. ಕಿಡ್ನಿಯ ಶೋಧಕ ಹಾಳಾಗತೊಡಗಿದಾಗ ಅಲ್ಬುಮಿನ್ ಮೂತ್ರಕ್ಕೆ ಸೋರುತ್ತದೆ. ರಕ್ತದ ಕ್ರಿಯಾಟಿನಿನ್ ಏರುವುದಕ್ಕೆ ವರ್ಷಗಳ ಮುಂಚೆಯೇ ಈ ಸೋರಿಕೆ ಕಾಣಿಸಬಹುದು. ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಸರಿ. 30ರಿಂದ 300ರ ನಡುವೆ ಸಿಕ್ಕರೆ ಸಕಾಲಕ್ಕೆ ಸಿಕ್ಕಿತು ಎಂದರ್ಥ. ಮಾಮೂಲಿ ಮೂತ್ರ ಪರೀಕ್ಷೆಯ ಪಟ್ಟಿಯಲ್ಲಿ ‘ಅಲ್ಬುಮಿನ್: ಇಲ್ಲ’ ಎಂದು ಬಂದಿದ್ದರೆ ಅದನ್ನು ನಂಬಿ ಕೂರಬೇಡಿ, ಇಷ್ಟು ಸಣ್ಣ ಸೋರಿಕೆ ಅದರ ಕಣ್ಣಿಗೆ ಬೀಳುವುದಿಲ್ಲ. ಬೆಳಗಿನ ಮೊದಲ ಮೂತ್ರ ಕೊಟ್ಟರೆ ಒಳ್ಳೆಯದು. ಜ್ವರ, ಉರಿಮೂತ್ರ ಇದ್ದಾಗ ಕೊಡಬೇಡಿ, ಸುಳ್ಳೇ ಹೆಚ್ಚು ತೋರಿಸೀತು. ಒಮ್ಮೆ ಹೆಚ್ಚು ಬಂದರೆ ಗಾಬರಿ ಬೇಡ. ಮೂರರಿಂದ ಆರು ತಿಂಗಳೊಳಗೆ ಮತ್ತೆ ನೋಡಬೇಕು, ಮೂರರಲ್ಲಿ ಎರಡು ಸಲ ಹೆಚ್ಚಿದ್ದರೆ ಮಾತ್ರ ಖಚಿತ. ನಿಮ್ಮ ತಾಯಿಯಂತೆ ಟೈಪ್ 2, ಅಂದರೆ ಸಾಮಾನ್ಯವಾಗಿ ದೊಡ್ಡವರಲ್ಲಿ ಕಾಣುವ ಬಗೆಯ ಸಕ್ಕರೆ ಕಾಯಿಲೆ ಇರುವವರು ಕಾಯಿಲೆ ಗೊತ್ತಾದ ದಿನದಿಂದಲೇ ವರ್ಷಕ್ಕೊಮ್ಮೆ ಇದನ್ನು ಮಾಡಿಸಬೇಕಿತ್ತು.

ಸೋರಿಕೆ ಇದೆ ಎಂದಾದರೆ ದಾರಿಗಳಿವೆ. ಬಿಪಿ 130/80ಕ್ಕಿಂತ ಕೆಳಗಿರಬೇಕು. ಟೆಲ್ಮಿಸಾರ್ಟಾನ್, ರಾಮಿಪ್ರಿಲ್ ಜಾತಿಯ ಬಿಪಿ ಮಾತ್ರೆಗಳು ಸೋರಿಕೆಯನ್ನೂ ತಗ್ಗಿಸುತ್ತವೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆಗಳು ಕಿಡ್ನಿ ಸವೆಯುವ ವೇಗವನ್ನೇ ನಿಧಾನಗೊಳಿಸುತ್ತವೆ. ಪೇಟೆಂಟ್ ಮುಗಿದ ಮೇಲೆ ನಮ್ಮಲ್ಲಿ ಅವುಗಳ ಬೆಲೆಯೂ ಇಳಿದಿದೆ. ಯಾವುದು, ಎಷ್ಟು ಎಂಬುದನ್ನು ತಾಯಿಯನ್ನು ನೋಡುತ್ತಿರುವ ವೈದ್ಯರೇ ತೀರ್ಮಾನಿಸಲಿ. ನನ್ನ ದರ್ಜಿಯ ಕಾಲದಲ್ಲಿ ಈ ಎರಡನೆಯ ಬಗೆಯ ಮಾತ್ರೆ ಇರಲಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಕೊನೆಯಲ್ಲಿ ಹೇಳಿದ ಮಂಡಿ ನೋವಿನ ಮಾತ್ರೆ. ಅದು ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ಆಗಿದ್ದರೆ ಇವತ್ತೇ ನಿಲ್ಲಿಸಿ. ಸಕ್ಕರೆ, ಬಿಪಿ ಎರಡೂ ಇರುವವರ ಕಿಡ್ನಿಗೆ ಅವು ನೇರ ಪೆಟ್ಟು. ಅಮ್ಮ ಎಸೆದಿರದಿದ್ದರೆ ಆ ಮಾತ್ರೆಯ ಸ್ಟ್ರಿಪ್ಪನ್ನು ವರದಿಗಳ ಜೊತೆಗಿಟ್ಟು ವೈದ್ಯರಿಗೆ ತೋರಿಸಿ.