ಎರಡು ಕೃತಿಗೆ ಮೂವತ್ತು ವರ್ಷ ಕಾಯಬೇಕಿತ್ತೇ? – ಸಂಪಾದಕರ ಉತ್ತರ

ಪ್ರಿಯ ಓದುಗರೇ,

ಜರ್ಮನಿಯ ಲೈಪ್‌ಜಿಗ್‌ನಲ್ಲಿರುವ, ಸಂಗೀತ ರಚನಕಾರ ಬಾಖ್‌ನ ಬಗ್ಗೆ ಸಂಶೋಧನೆ ಮಾಡುವ ಬಾಖ್ ಆರ್ಕೈವ್‌ನ ನಿರ್ದೇಶಕ ಪೇಟರ್ ವೋಲ್ನಿ ಅವರ ಸುದ್ದಿ ಓದಿ ನೀವು ಬರೆದಿದ್ದೀರಿ. “1992ರಲ್ಲಿ ಸಿಕ್ಕ ಆರ್ಗನ್ ವಾದ್ಯದ ಕೃತಿಗಳು ಬಾಖ್‌ನವು ಎಂದು 2025ರಲ್ಲಿ ಹೇಳುವುದೇ? ಕೇಳಿದರೆ ಗೊತ್ತಾಗುತ್ತಿರಲಿಲ್ವಾ? ಇದಕ್ಕೆ ಸಂಬಳ ಬೇರೆ!” ಎಂದು ಕೇಳಿದ್ದೀರಿ.

ವೋಲ್ನಿ ಇದೊಂದನ್ನೇ ಹಿಡಿದು ಕೂತವರಲ್ಲ. ಬಾಖ್‌ನ ಹಿರಿಯ ಮಗನ ಸಂಗೀತದ ಮೇಲೆ ಹಾರ್ವರ್ಡ್‌ನಲ್ಲಿ ಪಿಎಚ್.ಡಿ. ಮಾಡಿ 1993ರಲ್ಲಿ ಆರ್ಕೈವ್ ಸೇರಿದರು. 2014ರಲ್ಲಿ ನಿರ್ದೇಶಕರಾದರು. ನಡುವೆ, ಬಾಖ್ ಹುಡುಗನಾಗಿದ್ದಾಗ ಕೈಯಾರೆ ನಕಲು ಮಾಡಿಕೊಂಡಿದ್ದ ಆರ್ಗನ್ ಕೃತಿಗಳನ್ನು ವೈಮಾರ್ ಊರಿನಲ್ಲಿ ಸಂಶೋಧಕ ಮಿಖಾಯೆಲ್ ಮೌಲ್ ಜೊತೆ ಗುರುತಿಸಿದರು. ಅದು 2006ರಲ್ಲಿ ದೊಡ್ಡ ಸುದ್ದಿಯಾಗಿತ್ತು.

ಬ್ರಸೆಲ್ಸ್‌ನ ರಾಯಲ್ ಲೈಬ್ರರಿಯಲ್ಲಿ ಈ ಎರಡು ಶಾಕೋನ್ ಕಣ್ಣಿಗೆ ಬಿದ್ದಾಗ ಅವರಿನ್ನೂ ವಿದ್ಯಾರ್ಥಿ. ಶಾಕೋನ್‌ನಲ್ಲಿ ಕೆಳಗಿನ ಬೇಸ್ ಸಾಲು ಮತ್ತೆ ಮತ್ತೆ ಬರುತ್ತದೆ, ಮೇಲೆ ಸ್ವರಗಳು ಬದಲಾಗುತ್ತಾ ಹೋಗುತ್ತವೆ. ಆ ಸಾಲು ಸಾಮಾನ್ಯವಾಗಿ ನಾಲ್ಕೋ ಎಂಟೋ ಬಾರ್ (ತಾಳದ ಆವರ್ತನದಂಥ ಅಳತೆ) ಇರುತ್ತದೆ. ಇಲ್ಲಿ ಏಳು ಬಾರ್‌ನದೂ ಇತ್ತು. ಜೊತೆಗೆ ಫ್ಯೂಗ್ ಬೇರೆ, ಅಂದರೆ ಒಂದೇ ಸ್ವರಸಾಲನ್ನು ಬೇರೆ ಬೇರೆ ದನಿಗಳು ಒಂದರ ಹಿಂದೊಂದು ಎತ್ತಿಕೊಳ್ಳುವ ರಚನೆ. ಕಿವಿ ಬಾಖ್ ಎಂದಿತು. ಆದರೆ ಹಾಳೆಯಲ್ಲಿ ಹೆಸರಿಲ್ಲ, ತಾರೀಖಿಲ್ಲ.

ಬರೀ ಊಹೆಯನ್ನು ನಂಬಿದರೆ ಏನಾಗುತ್ತದೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ಪಿಯಾನೋ ಕಲಿಯುವ ಮಕ್ಕಳು ನುಡಿಸುವ ಜಿ ಮೇಜರ್ ಮಿನ್ಯುಯೆಟ್ ಇದೆಯಲ್ಲ, ಅದು ಬಾಖ್‌ನ ಹೆಂಡತಿಯ 1725ರ ನೋಟ್‌ಬುಕ್‌ನಲ್ಲಿದೆ. ಹಾಗಾಗಿ ಬಹಳ ಕಾಲ ಬಾಖ್‌ನದೇ ಅಂದುಕೊಂಡರು. ಬರೆದವನು ಡ್ರೆಸ್ಡನ್‌ನ ಕ್ರಿಸ್ಟಿಯಾನ್ ಪೆಟ್ಸೋಲ್ಡ್ ಎಂದು ತಿಳಿದದ್ದು 1970ರ ದಶಕದಲ್ಲಿ!

ಆದ್ದರಿಂದ ವೋಲ್ನಿ ಆ ಹಾಳೆ ಬರೆದ ಕೈ ಯಾರದೆಂದು ಹುಡುಕಿದರು. ಕೊನೆಗೆ ಸಿಕ್ಕಿದ ಹೆಸರು ಸಾಲೊಮೋನ್ ಗ್ಯುಂಟರ್ ಯೋನ್, ಆರ್ನ್‌ಸ್ಟಾಟ್ ಊರಿನಲ್ಲಿ ಬಾಖ್‌ನ ಶಿಷ್ಯ. ನಕಲಾದದ್ದು 1705ರ ಸುಮಾರಿಗೆ. ಬಾಖ್‌ಗೆ ಆಗ ಇಪ್ಪತ್ತು. ಶಿಷ್ಯನೇ ಗುರುವಿನ ಬಳಿ ಬರೆದುಕೊಂಡದ್ದು ಅಂತಾದ ಮೇಲೆ ಆ ಏಳು ಬಾರ್‌ಗೂ ಫ್ಯೂಗ್‌ಗೂ ಸಾಕ್ಷಿಯ ತೂಕ ಬಂತು. 2025ರ ನವೆಂಬರ್ 17ರಂದು ಲೈಪ್‌ಜಿಗ್‌ನ ಥಾಮಸ್ ಚರ್ಚ್‌ನಲ್ಲಿ ಆರ್ಗನ್ ವಾದಕ ಟೋನ್ ಕೋಪ್ಮನ್ ಇವನ್ನು ನುಡಿಸಿದರು. ಬಾಖ್ ಕೃತಿಗಳ ಪಟ್ಟಿಯಲ್ಲಿ ಬಿಡಬ್ಲ್ಯೂವಿ 1178, 1179 ಎಂಬ ಸಂಖ್ಯೆಗಳೂ ಸಿಕ್ಕಿವೆ.

1992ರಲ್ಲೇ ಘೋಷಿಸಿಬಿಟ್ಟಿದ್ದರೆ ಕೆಲಸ ಹುಡುಕುವ ವಯಸ್ಸಿನ ಹುಡುಗನಿಗೆ ಒಳ್ಳೆ ಹೆಸರು ಬರುತ್ತಿತ್ತು. ಅದನ್ನು ಬಿಟ್ಟುಕೊಟ್ಟದ್ದಕ್ಕೆ ನನಗೆ ಅವರ ಮೇಲೆ ತುಂಬಾ ಗೌರವ.

ಇನ್ನು ಸಂಬಳ. ಆ ಹಾಳೆಯ ಬರಹಕ್ಕೆ ಹೊಂದಿದ, ಯೋನ್‌ನ ಕೈಬರಹದ ಪತ್ರ ಪತ್ತೆ ಮಾಡಿದ್ದು ಅದೇ ಸಂಸ್ಥೆಯ ಬೆರ್ನ್ಡ್ ಕೋಸ್ಕಾ. ಬಾಖ್‌ನ ಶಿಷ್ಯರ ಬಗ್ಗೆ ಅವರು ಹಳೇ ಕಡತಗಳನ್ನು ಒಂದೊಂದಾಗಿ ಓದಿದವರು. ಒಬ್ಬರಿಗೆ ಸಿಕ್ಕ ಕಾಗದ ಇನ್ನೊಬ್ಬರ ಹಳೇ ಪ್ರಶ್ನೆಗೆ ಉತ್ತರವಾಗಬೇಕಾದರೆ ಇಬ್ಬರೂ ವರ್ಷಗಟ್ಟಲೆ ಒಂದೇ ಕಡೆ ಕೆಲಸದಲ್ಲಿರಬೇಕು. ಆ ಸಂಬಳ ಅದಕ್ಕೆ.

– ಸಂಪಾದಕ