ಭಾನುವಾರದ ಕೋಣೆಯ ಬಾಡಿಗೆ

ತುಮಕೂರು ಜಿಲ್ಲೆಯ ಓದುಗರೊಬ್ಬರ ಪತ್ರದ ಸಾರ: ‘ಹನ್ನೆರಡು ವರ್ಷದಿಂದ ಸ್ಕಿಜೋಫ್ರೇನಿಯಾಕ್ಕೆ ಮಾತ್ರೆ ನುಂಗುತ್ತಿದ್ದೇನೆ. ನನ್ನಂಥವರೇ ಒಂಬತ್ತು ಮಂದಿ ಪ್ರತಿ ಭಾನುವಾರ ಒಂದು ಟ್ಯೂಷನ್ ಕೋಣೆಯಲ್ಲಿ ಸೇರುತ್ತೇವೆ. ಡಾಕ್ಟರಿಲ್ಲ, ಭಾಷಣವಿಲ್ಲ. ಈಗ ಬಾಡಿಗೆ ಏರಿದೆ. ಹೆಂಗಸರಿಗೆ ಬಸ್ಸು ಉಚಿತ, ಆದರೆ ಹಳ್ಳಿಗಳಿಂದ ಬರುವ ಗಂಡಸರಿಗೆ ಚಾರ್ಜು ಹೊಂದುತ್ತಿಲ್ಲ. ಸರ್ಕಾರದ ಅನುದಾನ ಕೇಳೋಣ ಎಂದು ಕೆಲವರು. ಆ ದುಡ್ಡು ಬಂದರೆ ನಮ್ಮ ಕೋಣೆಯೂ ಓಪಿಡಿ ಆಗಿಬಿಡುತ್ತದೆ ಎಂದು ಇನ್ನು ಕೆಲವರು. ಅಷ್ಟಕ್ಕೂ ಮನೋವೈದ್ಯರೇ ಸಾಲದ ನಾಡಿನಲ್ಲಿ ನಮ್ಮಂಥವರು ದುಡ್ಡು ಕೇಳುವುದು ನ್ಯಾಯವೇ?’

ಸಂಪಾದಕರ ಉತ್ತರ:

ಕೇಳಿ. ಸಂಕೋಚವಿಲ್ಲದೆ ಕೇಳಿ. ಯಾವುದಕ್ಕೆ ಕೇಳಬೇಕು, ಯಾವುದನ್ನು ಬಿಟ್ಟುಕೊಡಬಾರದು ಎಂಬುದೇ ಈ ಪತ್ರದ ಉಳಿದ ಭಾಗ.

ನ್ಯಾಯದ ಮಾತು ಮೊದಲು. ನನ್ನ ಚಿಕ್ಕಪ್ಪನಿಗೂ ನಿಮ್ಮ ಕಾಯಿಲೆಯೇ ಇತ್ತು. ಬೆಳಿಗ್ಗೆ ಹತ್ತಾದರೂ ಏಳುತ್ತಿರಲಿಲ್ಲ. ಮನೆಯಲ್ಲಿ ಎಲ್ಲರೂ ಸೋಮಾರಿ ಅನ್ನುತ್ತಿದ್ದೆವು, ಅವರೂ ಹಾಗೇ ನಂಬಿದ್ದರು. ಒಂದು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದ ಅಪರಿಚಿತನೊಬ್ಬ, ‘ನನಗೂ ಹಂಗೇ ಆಗ್ತಿತ್ತು, ಅದು ಮಾತ್ರೆ ಕಣಣ್ಣ. ಬಿಡಬೇಡ, ಆದ್ರೆ ಒಳಗೆ ಹೋದಾಗ ಡಾಕ್ಟರಿಗೆ ಹೇಳು’ ಅಂದ. ಅಷ್ಟು ವರ್ಷ ಚಿಕ್ಕಪ್ಪ ಅದನ್ನು ಡಾಕ್ಟರಿಗೆ ಹೇಳಿರಲೇ ಇಲ್ಲ. ಹೇಳಿದ ಮೇಲೆ ಔಷಧಿಯ ಪ್ರಮಾಣ ಬದಲಾಯಿತು, ತಿಂಗಳೊಳಗೆ ತೋಟಕ್ಕೆ ಹೋಗತೊಡಗಿದರು. ಡಾಕ್ಟರು ಒಳ್ಳೆಯವರೇ; ಆದರೆ ಅವರ ಬಾಗಿಲಲ್ಲಿ ಸಾಲು ಉದ್ದವಿತ್ತು, ಚಿಕ್ಕಪ್ಪನ ಬಾಯಿ ಬಿಡಿಸಲು ಪುರುಸೊತ್ತಿರಲಿಲ್ಲ. ಬಿಡಿಸಿದ್ದು ಬೆಂಚಿನ ಮೇಲಿದ್ದವನು. ನಿಮ್ಮ ಭಾನುವಾರದ ಕೋಣೆ ಅಂಥ ಬೆಂಚು. ವೈದ್ಯರು ಕಡಿಮೆ ಇರುವ ಕಡೆ ಅದರ ಅಗತ್ಯ ಹೆಚ್ಚು. ನಿಮ್ಹಾನ್ಸ್ ಮುಂದಾಳತ್ವದ 2015-16ರ ರಾಷ್ಟ್ರೀಯ ಸಮೀಕ್ಷೆ, ಕಾಯಿಲೆಯ ಬಗೆಗೆ ತಕ್ಕಂತೆ ಶೇ. 70ರಿಂದ 92ರಷ್ಟು ಜನ ಚಿಕಿತ್ಸೆಯಿಂದ ಹೊರಗೇ ಉಳಿದಿದ್ದಾರೆ ಎಂದು ಕಂಡಿತ್ತು. ಅವರಲ್ಲಿ ಎಷ್ಟೋ ಜನ ಆಸ್ಪತ್ರೆಯ ಬಾಗಿಲಿಗೆ ಬರುವ ಮುಂಚೆ ನಿಮ್ಮಂಥವರ ಪಕ್ಕ ಬಂದು ಕೂರಬಲ್ಲರು.

ಹಣವೇ ಇಲ್ಲವೆಂದಲ್ಲ. ಕೇಂದ್ರದ 2024-25ರ ಬಜೆಟ್ಟಿನಲ್ಲಿ ನಿಮ್ಹಾನ್ಸ್‌ಗೆ 850 ಕೋಟಿ, 14416ಕ್ಕೆ ಕರೆ ಮಾಡಿದರೆ ಸಿಗುವ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 90 ಕೋಟಿ ರೂಪಾಯಿ ಇತ್ತು. ಎರಡೂ ಬೇಕಾದವೇ, ಒಂದು ಪೈಸೆ ಕಡಿಮೆ ಮಾಡಿ ಎನ್ನಲಾರೆ. ಇವಲ್ಲದೆ ಬಳ್ಳಾರಿಯಲ್ಲಿ ನಡೆದ ಪ್ರಯೋಗವನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. ಜಿಲ್ಲೆಯೊಂದಕ್ಕೆ ವರ್ಷಕ್ಕೆ 83.2 ಲಕ್ಷದವರೆಗೆ ಕೊಡಬಹುದೆಂಬ ಲೆಕ್ಕ ಅದರದ್ದು. ಆ ತಂಡದ ಹುದ್ದೆಗಳ ಪಟ್ಟಿ ನೋಡಿ: ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ನರ್ಸ್, ದಾಖಲೆ ಬರೆಯುವವರು, ವಾರ್ಡಿನ ಸಹಾಯಕರು. ಕಾಯಿಲೆಯನ್ನು ಸ್ವತಃ ಉಂಡವರಿಗೆ ಒಂದು ಕುರ್ಚಿಯೂ ಇಲ್ಲ. ನನ್ನ ತಕರಾರು ಇಷ್ಟೇ.

ಬೇರೆ ವಿಷಯಗಳಲ್ಲಿ ಇದೇ ಸರ್ಕಾರ ಆ ಕುರ್ಚಿ ಹಾಕಿದೆ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿ.ಆರ್.ಡಬ್ಲ್ಯು. ಇರಬಹುದು, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಅಂಗವಿಕಲರ ಕೆಲಸಕ್ಕೆ ಅಂಗವಿಕಲರನ್ನೇ ನೇಮಿಸಿ ಗೌರವಧನ ಕೊಡುವ ವ್ಯವಸ್ಥೆ ಅದು. ಎಚ್‌ಐವಿ ತಡೆಯ ಕೆಲಸದಲ್ಲಿ ಲೈಂಗಿಕ ಕಾರ್ಯಕರ್ತೆಯರೇ ‘ಪೀರ್ ಎಜುಕೇಟರ್’. ಸುಮಾರು ಅರವತ್ತು ಮಂದಿಗೆ ಒಬ್ಬರಂತೆ ಲೆಕ್ಕ ಹಾಕಿ ಗೌರವಧನವನ್ನು ಯೋಜನೆಯ ಒಳಗೇ ಬರೆದಿದ್ದಾರೆ. ಕ್ಷಯ ಗೆದ್ದವರು ಟಿಬಿ ಚಾಂಪಿಯನ್‌ಗಳಾಗಿ ಓಡಾಡುತ್ತಿದ್ದಾರೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಗುರುತಿಸಿದ 21 ಅಂಗವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಅವರಿಗೆ ಸಲ್ಲುವುದು ನಿಮಗೇಕೆ ಸಲ್ಲಬಾರದು?

ನಮ್ಮ ದೇಶದಲ್ಲಿ ಪ್ರಯತ್ನ ನಡೆದೇ ಇಲ್ಲವೆಂದೂ ಅಲ್ಲ. ಗುಜರಾತಿನ ಆರು ಸರ್ಕಾರಿ ಮಾನಸಿಕ ಆರೋಗ್ಯ ಕೇಂದ್ರಗಳಲ್ಲಿ 2014ರಿಂದ 2016ರವರೆಗೆ ನಡೆದ ಕ್ವಾಲಿಟಿರೈಟ್ಸ್ ಯೋಜನೆ, ಚಿಕಿತ್ಸೆ ಪಡೆದವರನ್ನೇ ಸ್ವಯಂಸೇವಕರಾಗಿ ತರಬೇತಿಗೊಳಿಸಿತು. ಸೇವೆಯ ಗುಣಮಟ್ಟ ಸುಧಾರಿಸಿತು, ಸಿಬ್ಬಂದಿ ರೋಗಿಗಳನ್ನು ನೋಡುವ ರೀತಿಯೂ ಬದಲಾಯಿತು. ಆಮೇಲೆ ಬಂದ ಅಪ್‌ಸೈಡ್ಸ್ ಎಂಬ ಅಧ್ಯಯನ ಪೀರ್ ಸಪೋರ್ಟನ್ನು, ಅಂದರೆ ಕಾಯಿಲೆ ಕಂಡವರೇ ಕಾಯಿಲೆಯವರಿಗೆ ಆಸರೆಯಾಗುವುದನ್ನು, ಜರ್ಮನಿ, ಉಗಾಂಡ, ತಾಂಜಾನಿಯಾ, ಇಸ್ರೇಲ್ ಜೊತೆ ಭಾರತದಲ್ಲೂ ಪರೀಕ್ಷಿಸಿತು. ಅದರ ದುಡ್ಡು ಐರೋಪ್ಯ ಒಕ್ಕೂಟದ್ದು. ನಮ್ಮ ಜನ ನಮ್ಮ ಜನಕ್ಕೆ ಆಸರೆಯಾಗುವುದಕ್ಕೆ ಯುರೋಪಿನವರ ತೆರಿಗೆ ಬರಬೇಕಾಯಿತು ಎಂಬುದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಇನ್ನು ನಿಮ್ಮ ಗೆಳೆಯರ ಭಯ. ಅದು ಸುಮ್ಮನೆ ಹುಟ್ಟಿದ್ದಲ್ಲ. ಕುಡಿತ ಬಿಟ್ಟವರ ಆಲ್ಕೊಹಾಲಿಕ್ಸ್ ಅನಾನಿಮಸ್ 1935ರಿಂದ ನಡೆದು ಬಂದಿದೆ. ಹೊರಗಿನವರ ಕಾಣಿಕೆ ಬೇಡ, ನಮ್ಮ ಖರ್ಚು ನಮ್ಮದೇ ಎಂಬುದು ಅವರ ನಿಯಮಗಳಲ್ಲೊಂದು. ಆ ಛಲದಿಂದಲೇ ಅದು ಯಾರ ಅಂಕೆಗೂ ಸಿಗದೆ ಉಳಿದಿದೆ. ಆದರೆ ಅಲ್ಲಿ ಡಬ್ಬಿಗೆ ಹತ್ತು ರೂಪಾಯಿ ಹಾಕಬಲ್ಲವರು ಇರುತ್ತಾರೆ. ಕೆಲಸ ಕಳೆದುಕೊಂಡು, ಬಸ್ಸಿಗೂ ಅಣ್ಣನ ಮುಂದೆ ಕೈಯೊಡ್ಡುವವರ ಗುಂಪು ಅದೇ ನಿಯಮ ಹಿಡಿದು ಕೂತರೆ ಕೋಣೆಗೆ ಬೀಗ ಬೀಳುತ್ತದೆ.

ದುಡ್ಡು ಬಂದಾಗ ಏನಾಗುತ್ತದೆಂದು ತಿಳಿಯಲು ಅಮೆರಿಕ ನೋಡಬೇಕು. ಬಡವರ ಆರೋಗ್ಯ ಯೋಜನೆಯಾದ ಮೆಡಿಕೇಡ್‌ನಿಂದ ಪೀರ್ ಸಪೋರ್ಟ್‌ಗೆ ಹಣ ಕೊಡಲು ಜಾರ್ಜಿಯಾ ರಾಜ್ಯ 1999ರಲ್ಲಿ ದಾರಿ ತೆರೆಯಿತು. 2007ರಲ್ಲಿ ಕೇಂದ್ರ ಸರ್ಕಾರ ಎಲ್ಲ ರಾಜ್ಯಗಳಿಗೂ ಪತ್ರ ಬರೆದು ಷರತ್ತು ಹಾಕಿತು: ಮೇಲ್ವಿಚಾರಣೆ ಇರಬೇಕು, ಚಿಕಿತ್ಸಾ ಯೋಜನೆಯೊಂದಿಗೆ ಹೊಂದಿಕೊಂಡಿರಬೇಕು, ತರಬೇತಿ ಮತ್ತು ಪ್ರಮಾಣಪತ್ರ ಇರಬೇಕು. ಸಾವಿರಾರು ಜನರಿಗೆ ಸಂಬಳದ ಕೆಲಸ ಸಿಕ್ಕಿತು, ಅದು ಸಣ್ಣದಲ್ಲ. ಆದರೆ ಬಿಲ್ಲು ಬರೆಯುವುದು ಹದಿನೈದು ನಿಮಿಷದ ಲೆಕ್ಕದಲ್ಲಿ. ಬೆಂಚಿನ ಮೇಲಿದ್ದವನು ಚಿಕ್ಕಪ್ಪನ ಪಕ್ಕ ಅರ್ಧ ದಿನ ಸುಮ್ಮನೆ ಕೂತಿದ್ದ. ಆ ಮೌನವನ್ನು ಯಾವ ಫಾರಂನಲ್ಲಿ ಬರೆಯುವುದು? ನಿಮ್ಮ ಗೆಳೆಯರು ಹೆದರುತ್ತಿರುವುದು ಇದಕ್ಕೇ, ಮತ್ತು ಅವರು ಸರಿ.

ಹಾಗಾಗಿ ನನ್ನ ಸಲಹೆ: ಬಾಡಿಗೆ, ಬಸ್ ಚಾರ್ಜು, ಚಹಾ, ಇಬ್ಬರಿಗೆ ಗೌರವಧನ ಕೇಳಿ. ತಲೆಗಿಷ್ಟು ಎಂದು ಕೊಡುವ ಅನುದಾನ ಬೇಡ. ತಲೆ ಎಣಿಸಿದರೆ ನಾಳೆ ತಲೆ ತುಂಬಿಸುವ ಕೆಲಸ ಶುರುವಾಗುತ್ತದೆ. ಗೌರವಧನ ಇಬ್ಬರಿಗೇ ಏಕೆಂದರೆ ನಡೆಸುವವರಿಗೂ ಕಾಯಿಲೆ ಮರುಕಳಿಸಬಹುದು. ಒಬ್ಬರು ಮಲಗಿದರೆ ಇನ್ನೊಬ್ಬರು ಬಾಗಿಲು ತೆರೆಯಬೇಕು, ಮಲಗಿದವರ ಗೌರವಧನವೂ ನಿಲ್ಲಬಾರದು. ಇದನ್ನು ಅರ್ಜಿಯಲ್ಲೇ ಬರೆಯಿರಿ, ಆಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ. ಬಂದವರ ಹೆಸರಿನ ಪಟ್ಟಿ ಕೇಳಿದರೆ ಎಷ್ಟು ಜನ ಬಂದರೆಂದು ಮಾತ್ರ ಕೊಡಿ. ಮಾನಸಿಕ ಆರೋಗ್ಯ ಕಾಯ್ದೆ 2017ರ 23ನೇ ಸೆಕ್ಷನ್ ಕಾಯಿಲೆಯ ವಿವರ ಗುಟ್ಟಾಗಿರಬೇಕೆಂಬ ಹಕ್ಕನ್ನು ಕೊಟ್ಟಿದೆ, ಅದನ್ನು ತೋರಿಸಿ.

ಸಂಘ ನೋಂದಾಯಿಸಲು ಏಳು ಜನ ಸಾಕು, ನೀವು ಒಂಬತ್ತು ಮಂದಿ ಇದ್ದೀರಿ. ಗ್ರಾಮ ಪಂಚಾಯಿತಿ ಅಂಗವಿಕಲರಿಗೆಂದು ಶೇ. 5ರಷ್ಟು ಹಣ ಎತ್ತಿಡಬೇಕು. ಮೊದಲ ಅರ್ಜಿ ಅಲ್ಲಿಗೇ ಹೋಗಲಿ. ಜಿಲ್ಲಾ ಮಟ್ಟದಲ್ಲಿ ಸರ್ಕಾರದ ಹಣದಿಂದ ಸ್ವಯಂಸೇವಾ ಸಂಸ್ಥೆಗಳು ನಡೆಸುವ ಮಾನಸಧಾರಾ ಎಂಬ, ಮಾನಸಿಕ ಕಾಯಿಲೆಯವರ ಹಗಲು ಆರೈಕೆ ಕೇಂದ್ರಗಳಿವೆ, ಅಂದರೆ ಈ ಬಗೆಯ ಅನುದಾನಕ್ಕೆ ನಮ್ಮ ರಾಜ್ಯದಲ್ಲಿ ದಾರಿ ಇದೆ. ಆ ದಾರಿಯಲ್ಲಿ ಕಾಯಿಲೆಯನ್ನು ಉಂಡವರದ್ದೇ ಸಂಘ ನಡೆಯಲು ಬಿಡಿ ಎಂಬುದೇ ನಿಮ್ಮ ಎರಡನೇ ಅರ್ಜಿಯಾಗಲಿ.

ಪತ್ರದ ಕೊನೆಯಲ್ಲಿ ಇನ್ನೊಂದು ಕೇಳಿದ್ದೀರಿ: ‘ಅಧ್ಯಕ್ಷರಾಗಿ ಡಾಕ್ಟರನ್ನೇ ಇಡಿ ಎಂದರೆ?’ ಬೇಡ. ಸಲಹೆಗಾರರಾಗಿ ಗೌರವದಿಂದ ಕರೆಯಿರಿ, ತುರ್ತಿಗೆ ಅವರ ನಂಬರ್ ಗೋಡೆಗೆ ಅಂಟಿಸಿ. ಸಹಿ ಮಾತ್ರ ನಿಮ್ಮದೇ ಇರಲಿ. ಇದೊಂದಕ್ಕೆ ಅನುದಾನ ತಪ್ಪುವುದಾದರೆ ತಪ್ಪಲಿ. ಆಗ ನನಗೆ ಬರೆಯಿರಿ, ಬಾಡಿಗೆಯ ಚಿಂತೆ ಓದುಗರೆಲ್ಲ ಸೇರಿ ಮಾಡೋಣ. ಅರ್ಜಿಯ ಕರಡು ಸಿದ್ಧವಾದಾಗ ಕಳಿಸಿ, ಕಚೇರಿಯ ಕನ್ನಡಕ್ಕೆ ತಿದ್ದಿ ಕೊಡುವ ಕೆಲಸ ನನ್ನದು.